ಈಡು ಹೊಡೆದವನು ಮನೆಗೆ ಹೋದ, ಗಾಯ ಕಾಡಿಗೆ ಹೋಯಿತು

2022ರ ಡಿಸೆಂಬರ್ ತಿಂಗಳು. ನಾಗರಹೊಳೆ ಕಾಡಂಚಿನ ಭೀಮನಕಟ್ಟೆ ಆನೆ ಶಿಬಿರದ ಹತ್ತಿರ ಕೋವಿ ಸದ್ದಾಯಿತು. ಜಮೀನಿಗೆ ನುಗ್ಗಿದ ಆನೆ ಅಂತ ಹೊಡೆದ ಈಡು ಅದು. ಏಟು ಬಿದ್ದದ್ದು ಯಾರಿಗೆ? ಬಲರಾಮನಿಗೆ! ಮೈಸೂರು ದಸರೆಯಲ್ಲಿ ಒಂದು ದಶಕಕ್ಕೂ ಮೀರಿ ಚಿನ್ನದ ಅಂಬಾರಿ ಹೊತ್ತು, ಆಮೇಲೆ ನಿವೃತ್ತಿಯಾಗಿ ಶಿಬಿರದಲ್ಲಿ ಹಾಯಾಗಿದ್ದ ಬಲರಾಮನಿಗೆ. ಹೊಡೆದವರ ಬಂಧನವಾಯಿತು. ಬಲರಾಮನಿಗೆ ಚಿಕಿತ್ಸೆ ಸಿಕ್ಕಿತು. 2023ರ ಮೇ ತಿಂಗಳಲ್ಲಿ ಅವನು ತೀರಿಕೊಂಡನಾದರೂ ಅದಕ್ಕೆ ಈ ಗಾಯ ಕಾರಣವಲ್ಲ, ಕಾಯಿಲೆ ಕಾರಣ.

ಬಲರಾಮನಿಗೆ ಮಾವುತನಿದ್ದ. ಕರೆದರೆ ಬರುವ ಡಾಕ್ಟರಿದ್ದರು. ಊರಿಗೆಲ್ಲ ಗೊತ್ತಿರುವ ಹೆಸರಿತ್ತು. ಆದ್ದರಿಂದ ಸುದ್ದಿಯಾಯಿತು. ಅದೇ ಈಡು ಹೆಸರಿಲ್ಲದ ಕಾಡಾನೆಗೆ ಬಿದ್ದಿದ್ದರೆ? ಅದು ಗಾಯ ಹೊತ್ತುಕೊಂಡು ಕತ್ತಲೆಗೆ ಹೋಗುತ್ತಿತ್ತು. ಆಮೇಲೆ ಎಂದೋ ಒಂದು ದಿನ, ಇನ್ನೆಲ್ಲೋ ಒಂದು ಕಡೆ, ಬೆಳಗ್ಗೆ ಆರರ ಬಸ್ಸಿಗೆ ಹೊರಟ ಯಾರಿಗೋ ಎದುರಾಗುತ್ತಿತ್ತು.

ಕಾಡಂಚಿನ ಊರುಗಳ ಕೋವಿ ಕಥೆಯ ಗಂಟು ಇರೋದು ಇಲ್ಲೇ. ಹಳೇ ಕೋವಿ ಕೊಲ್ಲುವುದಿಲ್ಲ ಅಂತಲ್ಲ. ಕೊಲ್ಲದೆ ಬಿಟ್ಟಾಗ ಏನು ಎನ್ನುವುದೇ ಪ್ರಶ್ನೆ. ಇದು ಇವತ್ತಿನ ಪ್ರಶ್ನೆಯೂ ಅಲ್ಲ. ಕರಿಮದ್ದಿನಷ್ಟೇ ಹಳೆಯದು.

ಹೊಗೆಯೊಳಗಿನ ಆನೆ

ಮೈಸೂರು ಸೀಮೆಗೆ ಕರಿಮದ್ದು ಹೊಸತೇನಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಇವತ್ತಿಗೂ ಇದೆ. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡವಾಗುತ್ತದೆ ಅಂತ 2017ರಲ್ಲಿ ಆ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ರೈಲಿನಲ್ಲಿ ಓಡಾಡುವವರಲ್ಲಿ ಎಷ್ಟೋ ಜನಕ್ಕೆ ಅದು ಏನು ಕಟ್ಟಡ ಅಂತಲೇ ಗೊತ್ತಿಲ್ಲ.

ಪೆಟ್ಲುಪ್ಪು, ಗಂಧಕ, ಇದ್ದಿಲು. ಕರಿಮದ್ದು ಅಂದರೆ ಇಷ್ಟೇ. ಕಿಡಿ ತಾಗಿದರೆ ಇದರಲ್ಲಿ ಅರ್ಧಕ್ಕಿಂತ ಕಮ್ಮಿ ಪಾಲು ಮಾತ್ರ ಉರಿದು ಗಾಳಿಯಾಗಿ ಗುಂಡನ್ನು ತಳ್ಳುತ್ತದೆ. ಮಿಕ್ಕಿದ್ದೆಲ್ಲ ಬಿಳೀ ಹೊಗೆ, ಇಲ್ಲವೇ ನಳಿಗೆಗೆ ಮೆತ್ತಿಕೊಳ್ಳುವ ಮಸಿ. ಆ ಮಸಿ ತೇವ ಎಳೆದುಕೊಳ್ಳುತ್ತದೆ. ಅದೇ ದಿನ ಬಿಸಿನೀರು ಹುಯ್ದು ತೊಳೆಯದೆ ಇಟ್ಟರೆ ಮಳೆಗಾಲದಲ್ಲಿ ಕೋವಿ ತುಕ್ಕು ಹಿಡಿದು ಹಾಳು. ಅಜ್ಜಂದಿರು ಕೋವಿ ನಳಿಗೆಗೆ ಬಿಸಿನೀರು ಹುಯ್ಯುತ್ತಿದ್ದದ್ದು ಶಾಸ್ತ್ರಕ್ಕಲ್ಲ.

ಈ ಮದ್ದಿಗೆ ಇನ್ನೊಂದು ಕೊರತೆ ಇತ್ತು. ಎಷ್ಟು ತುಂಬಿದರೂ ಗುಂಡು ಒಂದು ಮಟ್ಟದ ಮೇಲೆ ವೇಗ ಹಿಡಿಯುವುದಿಲ್ಲ. ಹಾಗಾದರೆ ಆನೆಯಂಥ ಪ್ರಾಣಿಗೆ ಏಟು ಜೋರಾಗಿ ಬೀಳಬೇಕಾದರೆ? ಗುಂಡನ್ನೇ ದಪ್ಪ ಮಾಡಬೇಕು. ಬೇರೆ ದಾರಿಯೇ ಇರಲಿಲ್ಲ.

ಇದನ್ನು ಚಾಮರಾಜನಗರದ ಕಡೆ ಮಾಡಿ ತೋರಿಸಿದವನು ಸ್ಯಾಂಡರ್ಸನ್. ಪೂರ್ತಿ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಮೈಸೂರು ಸಂಸ್ಥಾನದ ನೀರಾವರಿ ಕೆಲಸಕ್ಕೆ ಬಂದವನು ಕಾಲುವೆ ಬಿಟ್ಟು ಕಾಡು ಹಿಡಿದ. 1874ರಲ್ಲಿ ಚಾಮರಾಜನಗರದ ಹತ್ತಿರ ಖೆಡ್ಡಾ ಮಾಡಿ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಹಿಡಿಸಿದ. 1878ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಬರೆದ. ಆನೆ ಹಿಡಿಯುವುದು ನೌಕರಿ. ಪುಂಡಾನೆ, ಹುಲಿ, ಕಾಟಿ ಹೊಡೆಯುವುದು ಶೋಕಿಯೂ ಹೌದು, ಕೆಲವು ಸಲ ಸರ್ಕಾರದ ಅಪ್ಪಣೆಯೂ ಹೌದು.

ಅವನ ಆನೆಕೋವಿ 4 ಬೋರಿನದು. ಬೋರು ಅಂದರೆ ಏನು? ಅಂಗಡಿ ಲೆಕ್ಕದಲ್ಲೇ ಹೇಳಬಹುದು. ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಸರಿಹೋಗುವ ಗುಂಡು ಎಷ್ಟು ಮಾಡಬಹುದೋ ಅಷ್ಟು ಬೋರು. 12 ಬೋರು ಅಂದರೆ ಪೌಂಡಿಗೆ ಹನ್ನೆರಡು ಗುಂಡು. 4 ಬೋರು ಅಂದರೆ ನಾಲ್ಕೇ ನಾಲ್ಕು! ಒಂದೊಂದು ಗುಂಡೂ 113 ಗ್ರಾಂ ಆಸುಪಾಸು. ನೂರು ಗ್ರಾಂ ಕಾಫಿಪುಡಿ ಪೊಟ್ಟಣಕ್ಕಿಂತ ತೂಕ ಜಾಸ್ತಿ. ಬೋರಿನ ಲೆಕ್ಕ ತಲೆಕೆಳಗು, ಅಂಕಿ ಸಣ್ಣದಾದಷ್ಟೂ ಗುಂಡು ದಪ್ಪ. ಇಂಥ ಕೋವಿಗಳು ಎಂಟು-ಹತ್ತು ಕಿಲೋ ತೂಗುತ್ತಿದ್ದವು. ಹೊಡೆದರೆ ಭುಜಕ್ಕೆ ಒದೆತ ಹೇಗಿರುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಅಷ್ಟು ಮದ್ದು ಒಟ್ಟಿಗೆ ಉರಿದರೆ ಮುಂದೆ ಗೋಡೆ ಎದ್ದ ಹಾಗೆ ಹೊಗೆ. ಬೆಳಗಿನ ಜಾವ, ಮಂಜು, ಗಾಳಿ ಆಡದ ಬಿದಿರು ಮೆಳೆ. ಹೊಗೆ ಕದಲುವುದಿಲ್ಲ. ಎದುರಿಗೆ ಇಪ್ಪತ್ತು ಮಾರು ದೂರದಲ್ಲಿ ಆನೆ ಇತ್ತು ಅಂತ ಗೊತ್ತು. ಈಗ ಅದು ಬಿತ್ತೋ, ಓಡಿತೋ, ಮೇಲೆ ಬರುತ್ತಿದೆಯೋ? ಕಣ್ಣಿಗೆ ಏನೂ ಕಾಣುವುದಿಲ್ಲ. ಕಿವಿ ಮಾತ್ರ ಗತಿ. ಪಳಗಿದ ಶಿಕಾರಿಗಳು ಕುದುರೆ ಎಳೆದ ತಕ್ಷಣ ಪಕ್ಕಕ್ಕೆ ಜಿಗಿಯುತ್ತಿದ್ದರು. ಅದು ಧೈರ್ಯದ ಮಾತಲ್ಲ, ಹೊಗೆಯ ಆಚೆ ನೋಡಬೇಕಲ್ಲ! ಗಾಯಗೊಂಡ ಆನೆ ಹೊಗೆ ಸೀಳಿಕೊಂಡು ಬಂದು ಬಿದ್ದರೆ ಎರಡನೇ ನಳಿಗೆಯ ಈಡೇ ಕೊನೆಯ ಆಸರೆ.

ಗುರಿ ತಪ್ಪಿದರೆ ಆಮೇಲಿನ ಕೆಲಸ ಶುರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮುಂದೆ, ಕೋವಿ ಹಿಡಿದವನು ಹಿಂದೆ. ಎಲೆ ಮೇಲಿನ ರಕ್ತದ ಹನಿ, ಮುರಿದ ಕಡ್ಡಿ, ಮಣ್ಣಿನಲ್ಲಿ ಎಳೆದ ಕಾಲಿನ ಗುರುತು ನೋಡುತ್ತ ದಿನಗಟ್ಟಲೆ ನಡೆಯುವುದು. ಸಾಹೇಬರ ಪುಸ್ತಕಗಳಲ್ಲಿ ಸಾಹೇಬನ ಹೆಸರು ದೊಡ್ಡದಾಗಿರುತ್ತೆ. ಆದರೆ ಗಾಯಗೊಂಡ ಪ್ರಾಣಿಯ ಮುಂದೆ ಮೊದಲು ಹೋಗಿ ನಿಲ್ಲುತ್ತಿದ್ದವನು ಲಂಗೋಟಿಯ ಸೋಲಿಗ. ಗಾಯ ಮಾಡಿದ ಪ್ರಾಣಿಯನ್ನು ಹಾಗೇ ಬಿಟ್ಟು ಬರಬಾರದು ಅನ್ನೋದು ಶಿಕಾರಿಗಳೊಳಗಿನ ಕಟ್ಟಳೆ. ಎಲ್ಲರೂ ಪಾಲಿಸಿದರು ಅಂತ ನಂಬುವುದು ಬೇಡ. ಕಟ್ಟಳೆ ಅಂತೂ ಇತ್ತು.

ಅಮೆರಿಕದ ಲಿವರ್ ಕೋವಿ

ಇದೇ ಕಾಲಕ್ಕೆ ಅತ್ತ ಅಮೆರಿಕದಲ್ಲಿ ಬೇರೊಂದು ತರದ ಕೋವಿ ಬಂದಿತ್ತು. ಕುದುರೆಯ ಕೆಳಗೆ ಬೆರಳು ತೂರಿಸುವ ಕಬ್ಬಿಣದ ಬಳೆ. ಅದನ್ನು ಬಸ್ಸಿನ ಗೇರು ಹಾಕಿದ ಹಾಗೆ ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಮುಗಿಯಿತು. ಸುಟ್ಟ ತೋಟಾ ಆಚೆ ಹಾರುತ್ತದೆ, ಹೊಸ ತೋಟಾ ನಳಿಗೆಗೆ ಬರುತ್ತದೆ, ಕೋವಿ ಮತ್ತೆ ತಯಾರು. ಕೋವಿಯನ್ನು ಭುಜದಿಂದ ಇಳಿಸಬೇಕಾಗಿಲ್ಲ. ವಿಂಚೆಸ್ಟರ್ ಕಂಪನಿಯ 1873ರ ಮಾದರಿ ಇದರಲ್ಲಿ ಹೆಸರುವಾಸಿ. ನಳಿಗೆಯ ಅಡಿಯ ಕೊಳವೆಯಲ್ಲಿ ಹದಿನೈದು ತೋಟಾ ತುಂಬಿಕೊಳ್ಳುತ್ತಿತ್ತು. ಸಿನಿಮಾದಲ್ಲಿ ಕೌಬಾಯ್ ಕೈಯಲ್ಲಿ ನೋಡಿರುತ್ತೀರಲ್ಲ, ಅದೇ.

ಆದರೆ ಆ ತೋಟಾದೊಳಗೆ ಇದ್ದದ್ದೂ ಕರಿಮದ್ದೇ. ತೋಟಾ ಗಿಡ್ಡ, ಮದ್ದು ಕಮ್ಮಿ. ಜಿಂಕೆಗೆ ಸಾಕು, ಕರಡಿಗೆ ಸಾಲದು. ಹೀಗಾಗಿ ಕಂಪನಿ 1876ರಲ್ಲಿ ದೊಡ್ಡ ಮಾದರಿ ಹೊರತಂದಿತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್ 1884ರಲ್ಲಿ ಬಿಗ್‌ಹಾರ್ನ್ ಬೆಟ್ಟಗಳಲ್ಲಿ ಗ್ರಿಜ್ಲಿ ಕರಡಿ ಹೊಡೆದದ್ದು ಅಂಥ ಕೋವಿಯಲ್ಲಿ. 1886ರ ಮಾದರಿ ಇನ್ನೂ ಗಟ್ಟಿ. ಸೈನ್ಯದ ದಪ್ಪ ತೋಟಾವನ್ನೂ ತಿನ್ನುತ್ತಿತ್ತು. ಹಾಗಂತ ಅಮೆರಿಕದ ಕಾಡೆಮ್ಮೆಗಳ ಹಿಂಡುಗಳನ್ನು ಚರ್ಮಕ್ಕಾಗಿ ಸವರಿ ಹಾಕಿದ್ದು ಈ ಲಿವರ್ ಕೋವಿ ಅಂತ ತಿಳಿದರೆ ತಪ್ಪು. ಆ ಕೆಲಸ ಹೆಚ್ಚಾಗಿ ಮಾಡಿದ್ದು ಒಂದೊಂದೇ ತೋಟಾ ಹಾಕಿ ದೂರದಿಂದ ಹೊಡೆಯುವ ಭಾರೀ ರೈಫಲ್ಲುಗಳು. ಕೋಟಿಗಟ್ಟಲೆ ಇದ್ದ ಪ್ರಾಣಿ 1880ರ ದಶಕದ ಕೊನೆಗೆ ಸಾವಿರದ ಲೆಕ್ಕಕ್ಕೆ ಇಳಿಯಿತು. ಅದೂ ಕರಿಮದ್ದಿನಲ್ಲೇ.

ನಮ್ಮ ಕಾಡಿನ ದೊರೆಗಳಿಗೆ ಲಿವರ್ ಕೋವಿ ಅಷ್ಟಾಗಿ ಹಿಡಿಸಲಿಲ್ಲ. ಅವರದ್ದೇನಿದ್ದರೂ ಇಂಗ್ಲೆಂಡಿನ ಜೋಡುನಳಿಗೆ. ಹೊಗೆ ಮುಚ್ಚಿಕೊಂಡ ಮೇಲೆ ಹದಿನೈದು ತೋಟಾ ಇದ್ದು ಏನು ಪ್ರಯೋಜನ? ಕಾಣದೆ ಹದಿನೈದು ಸಲ ಹೊಡೆಯಬೇಕಷ್ಟೆ.

ಬೆಂಗಳೂರಿನ ವಿಂಚೆಸ್ಟರ್

1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಕಂಡುಹಿಡಿದರು. ಕೋವಿಯ ಲೋಕವೇ ಬದಲಾಯಿತು. ವಿಂಚೆಸ್ಟರ್ 1895ರ ಮಾದರಿಯಲ್ಲಿ ಕೊಳವೆ ಹೋಗಿ ಹೊಟ್ಟೆ ಕೆಳಗೆ ಪೆಟ್ಟಿಗೆ ಬಂತು. 1904ರಲ್ಲಿ ಅದಕ್ಕೆ .405 ಅನ್ನುವ ತೋಟಾ ಬಂತು. ಗುಂಡಿನ ತೂಕ 19 ಗ್ರಾಂ ಅಷ್ಟೇ, ಸ್ಯಾಂಡರ್ಸನ್ ಗುಂಡಿನ ಆರನೇ ಒಂದು ಪಾಲು. ವೇಗವೋ ಸೆಕೆಂಡಿಗೆ 2200 ಅಡಿ! ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹದ ಬೇಟೆಗೆ ಹೋದಾಗ ಇದನ್ನೇ ಒಯ್ದ.

ಆ ರೈಫಲ್ಲಿಗೂ ಕರ್ನಾಟಕಕ್ಕೂ ನಂಟು ಬೆಳೆಸಿದವರು ಕೆನೆತ್ ಆಂಡರ್ಸನ್. 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಬಾಳಿ, 1974ರಲ್ಲಿ ಅಲ್ಲೇ ತೀರಿಕೊಂಡವರು. ಹುಲಿ ಕಥೆ ಓದುವವರಿಗೆ ಅವರ ಪರಿಚಯ ಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ಜೋಡುನಳಿಗೆಯ ದೊರೆಗಳ ನಡುವೆ ಆಂಡರ್ಸನ್ ನೆಚ್ಚಿದ್ದು .405 ವಿಂಚೆಸ್ಟರ್ ಲಿವರ್ ರೈಫಲ್ಲನ್ನು. ಅರಣ್ಯ ಇಲಾಖೆ ಕರೆ ಕಳಿಸಿದರೆ ಅದನ್ನು ಹಿಡಿದು ನರಭಕ್ಷಕಗಳ ಬೆನ್ನು ಹತ್ತುತ್ತಿದ್ದರು. ಹೊಗೆ ಇಲ್ಲ, ಎದುರಿಗಿನದು ಕಾಣುತ್ತದೆ, ಲಿವರ್ ಎಳೆದರೆ ಎರಡನೇ ಈಡು, ಮೂರನೇ ಈಡು.

ಅವರ ಕಥೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಕಥೆಯ ಗಡಿಬಿಡಿಯಲ್ಲಿ ಓದುಗರು ಅದನ್ನು ದಾಟಿಬಿಡುತ್ತಾರೆ. ಪ್ರಾಣಿಯ ಮೈಯಲ್ಲಿ ಹಳೇ ಗುಂಡೇಟು. ಕುಂಟು ಕಾಲು, ಕೊಳೆತ ಗಾಯ, ಹೋದ ಕಣ್ಣು. ಹಿಂದೆ ಯಾವನೋ ಅಟ್ಟಣೆ ಮೇಲೆ ಕೂತು ನಾಡಕೋವಿಯಲ್ಲಿ ಹೊಡೆದು ಇಳಿದು ಮನೆಗೆ ಹೋಗಿರುತ್ತಾನೆ.

ಉತ್ತರದಲ್ಲಿ ಜಿಮ್ ಕಾರ್ಬೆಟ್ ಹೇಳಿದ್ದೂ ಇದನ್ನೇ. 1907ರಲ್ಲಿ ಅವರು ಹೊಡೆದ ಚಂಪಾವತದ ಹೆಣ್ಣು ಹುಲಿ 436 ಜನರನ್ನು ಕೊಂದಿತ್ತು ಅಂತ ಲೆಕ್ಕ. ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಕೋರೆಹಲ್ಲು ಮೇಲಿನದೂ ಮುರಿದಿತ್ತು, ಕೆಳಗಿನದೂ ಮುರಿದಿತ್ತು. ಹಳೆಯ ಗುಂಡೇಟಿನ ಕೆಲಸ. ಜಿಂಕೆ ಹಿಡಿಯಲಾರದ ಹುಲಿ ಮತ್ತೇನು ಹಿಡಿಯಬೇಕು? ಹುಲ್ಲು ಕೊಯ್ಯುವ ಹೆಂಗಸನ್ನು ಹಿಡಿಯಿತು. ಆ ಒಂದು ಈಡು ಹೊಡೆದವನು ಯಾರು ಅಂತ ಯಾವ ದಾಖಲೆಯೂ ಹೇಳುವುದಿಲ್ಲ.

ಕಾನೂನಿನ ಪುಸ್ತಕದಲ್ಲಿ ಕೇಪಿನ ಕೋವಿ

1970ರಲ್ಲಿ ದೇಶದಲ್ಲಿ ಹುಲಿ ಶಿಕಾರಿ ನಿಂತಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಬಂದಾಗ ಮಹಾರಾಜರ ಬೇಟೆಕಾಡಾಗಿದ್ದ ಬಂಡೀಪುರವೇ ಮೊದಲ ಒಂಬತ್ತರಲ್ಲಿ ಒಂದಾಯಿತು. 1991ರ ತಿದ್ದುಪಡಿಯ ನಂತರ ಶಿಕಾರಿ ಅನ್ನೋದು ಹೆಚ್ಚುಕಡಿಮೆ ಪೂರ್ತಿ ಬಂದ್. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ ಅನ್ನುವ ಒಂದು ಬಾಗಿಲು ಮಾತ್ರ ಕಾಯ್ದೆಯಲ್ಲಿ ತೆರೆದಿದೆ.

ಸ್ಯಾಂಡರ್ಸನ್ ಕೋವಿ ಹೋಯಿತು, ಆಂಡರ್ಸನ್ ಕೋವಿ ಹೋಯಿತು. ಉಳಿದದ್ದು ಯಾವುದು? ಎಲ್ಲಕ್ಕಿಂತ ಹಳೆಯದೇ ಉಳಿಯಿತು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಹಾಕಿ ಗಿಡಿದು, ಮೇಲೆ ಗುಂಡೋ ಚರೆಯೋ ಇಳಿಸಿ, ಕೇಪು ಸಿಕ್ಕಿಸಿ ಹೊಡೆಯುವ ಕೇಪಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದಕ್ಕೆ ಜಾಗವಿದೆ. ಬಾಯಿಂದ ಮದ್ದು ತುಂಬುವ ಕೋವಿಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಡಬಹುದು ಅಂತ ಬರೆದಿದೆ. ಇನ್ನೂ ನೂರು ವರ್ಷ ಹಿಂದಿನ ತಂತ್ರ, ರಾಗಿ ಹೊಲದ ಕಾವಲಿಗೆ ಕಾಯಂ.

ಕೊಡಗಿನ ಮಾತು ಬೇರೆ. ಅಲ್ಲಿ ಕೋವಿ ಮನೆ ಮಗನ ಸಮಾನ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಗಂಡು ಕೂಸು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. 1861ರಲ್ಲಿ ಬ್ರಿಟಿಷರು ಎಲ್ಲರ ಆಯುಧ ಕಿತ್ತುಕೊಳ್ಳುವಾಗ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಬೇಡವೆಂಬ ಆ ಪದ್ಧತಿ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬೇರೆ, ಕಾಡುಪ್ರಾಣಿ ಹೊಡೆಯುವ ವಿನಾಯಿತಿ ಬೇರೆ. ಎರಡನೆಯದು ಯಾರಿಗೂ ಇಲ್ಲ.

ಇನ್ನು ಲೈಸೆನ್ಸಿನವರ ಪಾಡು. ಚುನಾವಣೆ ಬಂತೆಂದರೆ ಕೋವಿ ಪೊಲೀಸ್ ಠಾಣೆಗೆ ಜಮಾ. ಓಟು ಮುಗಿಯುವ ತನಕ ಹಂದಿ-ಆನೆಗಳಿಗೆ ನೀತಿಸಂಹಿತೆ ಇರುವುದಿಲ್ಲವಲ್ಲ, ಅವು ಬರುತ್ತಲೇ ಇರುತ್ತವೆ. ತಮಟೆ, ಪಟಾಕಿ, ಬೆಂಕಿ ಕೊಳ್ಳಿ ಹಿಡಿದು ಗುಡಿಸಲಲ್ಲಿ ಕೂರಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ನಾಲ್ಕು ತಿಂಗಳ ಮುಸುಕಿನ ಜೋಳ ಮಣ್ಣು. ಪರಿಹಾರದ ಅರ್ಜಿ, ಫೋಟೊ, ಪಹಣಿ, ಮತ್ತೆ ಓಡಾಟ. ರೈತ ಸುಮ್ಮಸುಮ್ಮನೆ ಕೋವಿ ಎತ್ತುತ್ತಾನೆ ಅನ್ನುವವರು ಒಂದು ರಾತ್ರಿ ಆ ಅಟ್ಟಣೆ ಮೇಲೆ ಕೂತು ನೋಡಬೇಕು.

ಇಷ್ಟಾದರೂ ಲೆಕ್ಕ ಲೆಕ್ಕವೇ. ರಾತ್ರಿ ಹೊತ್ತು, ಹೆದರಿದ ಕೈ, ತೇವ ಹಿಡಿದ ಮದ್ದು, ಹಂದಿಗೆಂದು ತುಂಬಿದ ಚರೆ. ಎದುರಿಗೆ ನಾಲ್ಕು ಟನ್ನಿನ ಆನೆ. ಸ್ಯಾಂಡರ್ಸನ್ನಿನ ಕಾಲು ಪೌಂಡಿನ ಗುಂಡಿಗೇ ಒಂದೇಟಿಗೆ ಬೀಳುತ್ತದೆಂಬ ಭರವಸೆ ಇರಲಿಲ್ಲ. ಈ ಚರೆಗೆ ಬೀಳುತ್ತದೆಯೇ? ಚರ್ಮದೊಳಗೆ ಕೂರುತ್ತದೆ, ಕೀವಾಗುತ್ತದೆ. ಸತ್ತ ಕಾಡಾನೆಗಳ ಶವಪರೀಕ್ಷೆಯಲ್ಲಿ ಹಳೆಯ ಗುಂಡು, ಚರೆ ಸಿಕ್ಕಿದ ಸುದ್ದಿ ಕೊಡಗು ಸೀಮೆಯಿಂದ ಹಲವು ಸಲ ಬಂದಿದೆ.

ಹಳೇ ಶಿಕಾರಿಯವನಿಗೂ ಇವತ್ತಿನ ಕಾವಲಿನವನಿಗೂ ಇರುವ ದೊಡ್ಡ ವ್ಯತ್ಯಾಸ ಕೋವಿಯಲ್ಲಿಲ್ಲ. ಅವನು ಗಾಯದ ಹಿಂದೆ ಹೋಗಬಹುದಿತ್ತು. ಇವನು ಹೋಗುವ ಹಾಗಿಲ್ಲ. ಹೋದರೆ ಕಾಡಿನೊಳಗೆ ಕೋವಿ ಹಿಡಿದು ಹೊಕ್ಕ ಕೇಸು. ಹೊಡೆದೆ ಅಂತ ಹೇಳಿದರೆ ಇನ್ನೂ ದೊಡ್ಡ ಕೇಸು. ಹೀಗಾಗಿ ಈಡು ಹೊಡೆದವನು ಬೆಳಗ್ಗೆ ಎದ್ದು ಏನೂ ಗೊತ್ತಿಲ್ಲದವನ ಹಾಗೆ ಹಾಲು ಡೇರಿಗೆ ಹೋಗುತ್ತಾನೆ. ಗಾಯದ ಆನೆ ಮಾತ್ರ ಪಕ್ಕದ ಊರಿನ ದಾರಿಯಲ್ಲಿ ನಿಂತಿರುತ್ತದೆ. ಆ ಊರಿನವರಿಗೆ ಅದು ಯಾಕೆ ರೊಚ್ಚಿಗೆದ್ದಿದೆ ಅಂತ ತಿಳಿದೇ ಇರುವುದಿಲ್ಲ.

ಅಮೆರಿಕದಲ್ಲಿ ಇವತ್ತಿಗೂ ಕರಿಮದ್ದಿನ ಶಿಕಾರಿ ಇದೆ. ನೂರು ವರ್ಷ ಮೀರಿದ ಲಿವರ್ ರೈಫಲ್ಲನ್ನು ಉಜ್ಜಿ ಹೊಳಪು ಮಾಡಿ, ತೋಟಾಕ್ಕೆ ತಾವೇ ಮದ್ದು ತುಂಬಿ ಕಡವೆ ಜಾತಿಯ ಪ್ರಾಣಿ, ಕರಡಿ ಹೊಡೆಯುವ ಶೋಕಿಯವರಿದ್ದಾರೆ. ಬಾಯಿಂದ ತುಂಬುವ ಕೋವಿಯವರಿಗೇ ಬೇರೆ ಸೀಸನ್ ಇಟ್ಟಿರುವ ರಾಜ್ಯಗಳೂ ಅನೇಕ. ಅಲ್ಲಿ ಅದು ಹಗಲಿನ ಆಟ, ಪರ್ಮಿಟ್ ಜೇಬಿನಲ್ಲಿರುತ್ತದೆ, ಏಟು ತಿಂದ ಪ್ರಾಣಿಯ ಜಾಡು ಹಿಡಿದು ಹೋಗುವುದು ಮರ್ಯಾದೆಯ ಮಾತು. ಅಲ್ಲಿ ಶೋಕಿಗೆ ಹಿಡಿಯುವ ಕೋವಿಯನ್ನು ಇಲ್ಲಿ ರಾತ್ರಿ ಹೊತ್ತು ಹೊಟ್ಟೆಪಾಡಿಗೆ ಹಿಡಿಯುತ್ತಾರೆ.

ಗಾಯಗೊಂಡ ಆನೆ ಎಲ್ಲಿದೆ ಅಂತ ಗೊತ್ತಾದರೆ ಇಲಾಖೆಯವರ ಹತ್ತಿರ ದಾರಿ ಇದೆ. ಸಾಕಾನೆಗಳನ್ನು ತಂದು ಸುತ್ತುವರಿದು, ಅರಿವಳಿಕೆ ಚುಚ್ಚುಮದ್ದು ಹೊಡೆದು, ಪಶುವೈದ್ಯರು ಗಾಯ ತೊಳೆದು ಔಷಧಿ ಹಾಕುತ್ತಾರೆ. ಈ ಕೆಲಸ ಬಂಡೀಪುರ, ನಾಗರಹೊಳೆ ಕಡೆ ಹೊಸದಲ್ಲ. ತಡವಾದಷ್ಟೂ ಕೀವು ಮೂಳೆಗೆ ಇಳಿಯುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಆನೆ ಯಾವ ಊರಿನ ಹತ್ತಿರ ಕಂಡಿತು, ಎಷ್ಟು ಹೊತ್ತಿಗೆ, ಯಾವ ಕಾಲು ಕುಂಟುತ್ತಿತ್ತು, ಯಾವ ದಿಕ್ಕಿಗೆ ಹೋಯಿತು. ಇಷ್ಟು ಹೇಳಿದರೆ ಸಾಕು.